ಹಿಟ್ಟಿನ ಕೋಳಿಯ ಕೂಗು

ಮದ್ದೂರು ತಾಲ್ಲೂಕಿನ ಆರೆತಿಪ್ಪೂರು ಗಂಗರ ಕಾಲದಿಂದ ಜೈನ ಕ್ಷೇತ್ರವಾಗಿ ಬಾಳಿದ ಊರು. ಅಲ್ಲಿಯ ಕನಕಗಿರಿಯ ಮೇಲೆ ಹಳೆಯ ಬಸದಿಗಳ ಅವಶೇಷಗಳಿವೆ. ಶ್ರವಣಪ್ಪನ ಗುಡ್ಡವೆಂದು ಹೆಸರಾದ ಎತ್ತರದಲ್ಲಿ ಬಾಹುಬಲಿ ಸ್ವಾಮಿಯ ಮೂರ್ತಿ ಬಿಸಿಲು ಮಳೆಗಳಿಗೆ ಮೈಯೊಡ್ಡಿ ನಿಂತಿದೆ. ಹೊಯ್ಸಳ ವಿಷ್ಣುವರ್ಧನನ ಮಹಾದಂಡನಾಯಕ ಗಂಗರಾಜನು ತಲಕಾಡಿನಿಂದ ಚೋಳರ ಸೇನೆಯನ್ನು ಹೊರದೂಡಿದ ಮೇಲೆ ಈ ತಿಪ್ಪೂರನ್ನು ದೊರೆಯಿಂದ ಪಡೆದನು. ಪಡೆದದ್ದನ್ನು ತನಗೆಂದು ಇರಿಸಿಕೊಳ್ಳದೆ ಮೇಘಚಂದ್ರ ಸಿದ್ಧಾಂತದೇವರಿಗೆ ಧಾರೆಯೆರೆದನು. 1117ರ ಸುಮಾರಿನ ಈ ದತ್ತಿ ಶಾಸನಸ್ಥವಾಗಿದೆ. ಕತ್ತಿ ಹಿಡಿದ ಕೈಯೇ ಮುನಿಸಂಘಕ್ಕೆ ಭೂಮಿಯನ್ನೂ ಬಿಟ್ಟಿತು. ಜೈನಧರ್ಮವು ಗೃಹಸ್ಥನಿಗೆ ಯುದ್ಧವನ್ನು ಸಂಪೂರ್ಣವಾಗಿ ನಿಷೇಧಿಸಿತ್ತೆಂದು ತಿಳಿದವರಿಗೆ ಇದು ವಿಚಿತ್ರವಾಗಿ ತೋರಬಹುದು. ಆದರೆ ಆಚಾರ್ಯರು ಹಿಂಸೆಯನ್ನು ಒಂದೇ ತಕ್ಕಡಿಯಲ್ಲಿ ತೂಗಿದವರಲ್ಲ. ಆರಂಭೀ, ಉದ್ಯೋಗೀ, ವಿರೋಧೀ, ಸಂಕಲ್ಪೀ ಎಂಬ ನಾಲ್ಕು ಬಗೆಗಳಲ್ಲಿ ಮೊದಲ ಮೂರು ಅಡುಗೆಮನೆ, ಹೊಲ, ವ್ಯಾಪಾರ, ಗಡಿ ಇವುಗಳೊಡನೆ ಹೆಣೆದುಕೊಂಡು ಬರುವಂಥವು. ಶ್ರಾವಕನು ಅವನ್ನು ಆದಷ್ಟು ಕಡಿಮೆ ಮಾಡಿಕೊಳ್ಳಬೇಕು. ನಾಲ್ಕನೆಯದನ್ನು ಮಾತ್ರ ಅವನು ಪೂರ್ಣವಾಗಿ ಬಿಡಲೇಬೇಕು. ಕೊಲ್ಲಬೇಕೆಂದು ಮನಸ್ಸಿನಲ್ಲಿ ಮೊದಲು ಕಟ್ಟಿಕೊಂಡು ಆಮೇಲೆ ಕೊಲ್ಲುವುದು, ಅಥವಾ ಕೊಲ್ಲದೆಯೂ ಹಾಗೆ ಕಟ್ಟಿಕೊಂಡಿರುವುದು, ಸಂಕಲ್ಪ ಹಿಂಸೆ.

ಈ ನಾಲ್ಕನೆಯ ಹಿಂಸೆಯ ಒಂದು ಘೋರ ಅಧ್ಯಾಯದ ಕೊನೆಯ ಪುಟಗಳು ಇದೇ ಸೀಮೆಯಲ್ಲಿ ಬರೆಯಲ್ಪಟ್ಟವು. ಮಳವಳ್ಳಿ ತಾಲ್ಲೂಕಿನ ಹಲಗೂರಿನಿಂದ ಕಾಡಿನ ದಾರಿ ಹಿಡಿದು ಇಳಿದರೆ ಕಾವೇರಿಯ ದಡದಲ್ಲಿ ಮುತ್ತತ್ತಿ ಸಿಗುತ್ತದೆ. ಸೀತಾದೇವಿಯ ಮೂಗುತಿಯ ಮುತ್ತು ಹೊಳೆಯಲ್ಲಿ ಜಾರಿಬೀಳಲು ಹನುಮಂತನು ಅದನ್ನು ತೆಗೆದುಕೊಟ್ಟನೆಂಬ ಐತಿಹ್ಯವುಳ್ಳ ಆಂಜನೇಯನ ಸ್ಥಳವದು. ಮಂಡ್ಯ, ಮದ್ದೂರುಗಳ ಜನ ಶನಿವಾರ, ಭಾನುವಾರಗಳಲ್ಲಿ ಬುತ್ತಿ ಕಟ್ಟಿಕೊಂಡು ಹೋಗುವ ಜಾಗ. 1991ರ ಆಗಸ್ಟ್ ತಿಂಗಳ ಮೂರನೆಯ ವಾರದಲ್ಲಿ ಆ ಊರಿನ ಹೆಸರು ದೇಶದ ಎಲ್ಲ ಪತ್ರಿಕೆಗಳಲ್ಲಿ ಬಂದಿತು. ಮುತ್ತತ್ತಿಯಲ್ಲಿಯೂ ಮಂಡ್ಯ ಜಿಲ್ಲೆಯ ಮತ್ತೊಂದು ಹಳ್ಳಿಯಲ್ಲಿಯೂ ಅಡಗಿದ್ದ ಶ್ರೀಲಂಕಾದ ತಮಿಳು ಹುಲಿಗಳ ಸಂಘಟನೆಯ ಯುವಕರನ್ನು ಪೊಲೀಸರು ಸುತ್ತುವರಿದರು. ಅವರಲ್ಲಿ ಹಲವರು ಕೊರಳಲ್ಲಿ ಕಟ್ಟಿಕೊಂಡಿದ್ದ ಸೈನೈಡ್ ಗುಳಿಗೆಯನ್ನು ಕಚ್ಚಿ, ಒಂದು ಮಾತನ್ನೂ ಆಡದೆ ಸತ್ತರು. ಅದಾದ ಎರಡು ಮೂರು ದಿನಗಳಲ್ಲೇ, ಆಗಸ್ಟ್ 20ರ ಬೆಳಗ್ಗೆ, ಬೆಂಗಳೂರಿನ ಹೊರವಲಯದ ಕೋಣನಕುಂಟೆಯ ಮನೆಯೊಂದರಲ್ಲಿ ಶಿವರಾಸನ್, ಶುಭಾ ಮತ್ತು ಅವರ ಐವರು ಸಂಗಡಿಗರ ಶವಗಳು ದೊರೆತವು. ಮೂರು ತಿಂಗಳ ಹಿಂದೆ, ಮೇ 21ರ ರಾತ್ರಿ, ಶ್ರೀಪೆರಂಬುದೂರಿನಲ್ಲಿ ಮಾಜಿ ಪ್ರಧಾನಿ ರಾಜೀವ್ ಗಾಂಧಿಯವರ ಹತ್ಯೆಯನ್ನು ನಡೆಸಿದ ತಂಡದ ಮುಂದಾಳುಗಳು ಇವರು. ಆ ಆಗಸ್ಟ್ 20 ರಾಜೀವ್ ಗಾಂಧಿಯವರ ಜನ್ಮದಿನವೂ ಆಗಿತ್ತು.

ಪ್ರೇಮ, ರಾಜಕಾರಣ, ಗುಟ್ಟಿನ ಸಂಚು, ವಿಷ, ಬೆನ್ನಟ್ಟುವಿಕೆ ಎಲ್ಲವೂ ಇರುವ ಈ ಪ್ರಕರಣವು ಪತ್ತೇದಾರಿ ಕಾದಂಬರಿಯಂತೆ ಜನರ ಬಾಯಲ್ಲಿ ಹರಿದಾಡಿತು. 2006ರಲ್ಲಿ ಎ.ಎಂ.ಆರ್. ರಮೇಶ್ ಅವರ ನಿರ್ದೇಶನದಲ್ಲಿ ‘ಸೈನೈಡ್’ ಎಂಬ ಕನ್ನಡ ಚಲನಚಿತ್ರವೂ ಬಂದಿತು. ಆದರೆ ಜೈನ ಮನೆಗಳಲ್ಲಿ ಬೆಳೆದವರಿಗೆ ಈ ವೃತ್ತಾಂತವನ್ನು ಕೇಳುವಾಗ ಬೇರೊಂದು ಕಥೆ ನೆನಪಿಗೆ ಬಾರದಿರದು. ಅದರಲ್ಲಿಯೂ ಇರುಳಿನ ಪ್ರೇಮವಿದೆ, ಸಿಂಹಾಸನವಿದೆ, ವಿಷವಿಕ್ಕಿ ಕೊಂದ ಔತಣವಿದೆ, ಭಯದಿಂದ ನಾಡನ್ನಾಳಿದ ದೊರೆಯಿದ್ದಾನೆ. ಜೊತೆಗೆ ಜನ್ಮದಿಂದ ಜನ್ಮಕ್ಕೆ ಬೆನ್ನು ಬಿಡದ ಋಣಾನುಬಂಧವೂ ಇದೆ. ಯಶೋಧರನ ಕಥೆ ಅದು.

ಈ ಕಥೆಯನ್ನು ಹೇಳದ ಜೈನ ಸಾಹಿತ್ಯಭಾಷೆ ಇಲ್ಲವೆಂದರೂ ನಡೆದೀತು. ಎಂಟನೆಯ ಶತಮಾನದ ಹರಿಭದ್ರಸೂರಿಗಳ ಪ್ರಾಕೃತ ಸಮರಾಇಚ್ಚಕಹಾದಲ್ಲಿ ಇದರ ಒಂದು ರೂಪವಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ, 959ರಲ್ಲಿ, ಸೋಮದೇವಸೂರಿಗಳು ಸಂಸ್ಕೃತದಲ್ಲಿ ಯಶಸ್ತಿಲಕವನ್ನು ಮುಗಿಸಿದರು. ಮಾನ್ಯಖೇಟದಲ್ಲಿ ಪುಷ್ಪದಂತನು ಅಪಭ್ರಂಶದಲ್ಲಿ ಇದನ್ನು ಹಾಡಿದನು. ವಾದಿರಾಜರು ಮತ್ತೆ ಸಂಸ್ಕೃತಕ್ಕೆ ತಂದರು. ಕನ್ನಡದಲ್ಲಿ ವೀರಬಲ್ಲಾಳನಿಂದ ಕವಿಚಕ್ರವರ್ತಿಯೆನಿಸಿಕೊಂಡ ಜನ್ನನು 1209ರಲ್ಲಿ ಮುನ್ನೂರಕ್ಕೆ ತುಸು ಮಿಕ್ಕಿದ ಪದ್ಯಗಳಲ್ಲಿ, ಬಹುತೇಕ ಕಂದಗಳಲ್ಲಿಯೇ, ನಾಲ್ಕು ಅವತಾರಗಳಾಗಿ ಇದನ್ನು ರಚಿಸಿದನು. ಸೋಮದೇವರ ವಿಸ್ತಾರದ ಮುಂದೆ ಜನ್ನನದು ಚಿಕ್ಕ ಕಾವ್ಯ. ಆ ಚಿಕ್ಕತನವೇ ಅದರ ಬಲ. ದೀರ್ಘ ವರ್ಣನೆಗಳಿಗೆ ನಿಲ್ಲದೆ ಕಥೆಯನ್ನು ನೇರವಾಗಿ ನಡೆಸಿಕೊಂಡು ಹೋಗುವ ಕವಿ ಅವನು.

ಯೌಧೇಯ ದೇಶದ ರಾಜಪುರದಲ್ಲಿ ಮಾರಿದತ್ತನೆಂಬ ಅರಸು. ಚಂಡಮಾರಿಯ ಜಾತ್ರೆಗೆ ಲೆಕ್ಕವಿಲ್ಲದಷ್ಟು ಪ್ರಾಣಿಗಳನ್ನು ತಂದು ಕಟ್ಟಲಾಗಿದೆ. ಅವು ಸಾಲದೆ ನರಯುಗ್ಮವೊಂದನ್ನು ಹಿಡಿದು ತರಬೇಕೆಂದು ತಳಾರನಿಗೆ ಆಜ್ಞೆಯಾಗುತ್ತದೆ. ಇಂಥವರನ್ನೇ ತಾ ಎಂದಲ್ಲ, ಯಾರಾದರೂ ಆದೀತು. ಈ ‘ಯಾರಾದರೂ’ ಎಂಬಲ್ಲಿಯೇ ಭಯದ ಆಳ್ವಿಕೆಯ ಗುರುತಿದೆ. ತಪ್ಪು ಮಾಡಿದವನು ಶಿಕ್ಷೆಗೆ ಅಂಜುತ್ತಾನೆ, ಅದು ಲೋಕರೂಢಿ. ಏನೂ ಮಾಡದವನೂ ಬೀದಿಯಲ್ಲಿ ನಡೆಯಲು ಅಂಜುವಂತೆ ಮಾಡುವುದು ಭಯೋತ್ಪಾದನೆ. ತಳಾರನ ಕೈಗೆ ಸಿಕ್ಕವರು ಸುದತ್ತಾಚಾರ್ಯರ ಸಂಘದ ಇಬ್ಬರು ಎಳೆಯರು, ಅಣ್ಣ ತಂಗಿಯರು. ಅಭಯರುಚಿ, ಅಭಯಮತಿ. ಈ ಹೆಸರುಗಳ ಸ್ವಾರಸ್ಯವನ್ನು ಓದುಗರು ಬೇಗನೆ ದಾಟಿ ಹೋಗಬಾರದು. ಭಯವನ್ನೇ ದೇವರೆಂದು ಪೂಜಿಸುವ ಅರಸನ ಎದುರಿಗೆ ಕವಿಗಳು ‘ಅಭಯ’ವನ್ನೇ ಹೆಸರಾಗುಳ್ಳ ಇಬ್ಬರು ಮಕ್ಕಳನ್ನು ತಂದು ನಿಲ್ಲಿಸಿದ್ದಾರೆ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳನ್ನು ಎಣಿಸುವಾಗ ಬಸದಿಯ ಧರ್ಮದರ್ಶಿಗಳು ಮೊದಲ ಮೂರಕ್ಕೆ ನಿಧಿಯನ್ನು ಕೂಡಿಸುತ್ತಾರೆ. ನಾಲ್ಕನೆಯದಕ್ಕೆ ಯಾವ ನಿಧಿಯೂ ಇಲ್ಲ, ಅದನ್ನು ಹಣದಿಂದ ಕೊಡಲಾಗದು.

ಕತ್ತಿಯ ಕೆಳಗೆ ನಿಂತ ಆ ಮಕ್ಕಳು ಅಳುವುದಿಲ್ಲ. ಬೆರಗಾದ ಅರಸನು ನೀವು ಯಾರೆಂದು ಕೇಳಿದಾಗ ಅಭಯರುಚಿಯು ತಮ್ಮ ಹಿಂದಿನ ಭವಗಳನ್ನು ಹೇಳತೊಡಗುತ್ತಾನೆ.

ಉಜ್ಜಯಿನಿಯಲ್ಲಿ ಯಶೋಧರನು ಅರಸು, ಚಂದ್ರಮತಿ ಅವನ ತಾಯಿ, ಅಮೃತಮತಿ ಮಡದಿ. ಒಂದು ಇರುಳು ಅಮೃತಮತಿಯ ಕಿವಿಗೆ ಹಾಡೊಂದು ಬೀಳುತ್ತದೆ. ಹಾಡಿದವನು ಅಷ್ಟಾವಂಕನೆಂಬ ಮಾವುತ, ನೋಡಲು ಅತಿ ಕುರೂಪಿ. ರಾಣಿ ಹಾಡಿಗೆ ಮನಸೋತು ಅವನನ್ನು ಕೂಡುತ್ತಾಳೆ. ತಡವಾಗಿ ಬಂದಳೆಂದು ಅವನು ಹೊಡೆದರೂ ಅವನನ್ನು ಬಿಡಲಾರದವಳಾಗುತ್ತಾಳೆ. ಒಂದು ರಾತ್ರಿ ಅವಳ ಹಿಂದೆಯೇ ಹೋಗಿ ಕಣ್ಣಾರೆ ಕಂಡ ಯಶೋಧರನು ಇಬ್ಬರನ್ನೂ ಕಡಿಯಲು ಕತ್ತಿ ಎತ್ತುತ್ತಾನೆ. ಎತ್ತಿದ ಕತ್ತಿಯನ್ನು ತಡೆದುಕೊಂಡು ಹಿಂದಿರುಗುತ್ತಾನೆ. ಕಥೆ ಇಲ್ಲಿಗೇ ನಿಂತಿದ್ದರೆ ಯಶೋಧರನು ಮಹಾಪುರುಷನಾಗಿಯೇ ಉಳಿಯುತ್ತಿದ್ದನು. ಆದರೆ ಅವನ ಮೋರೆಯ ಕಳವಳವನ್ನು ತಾಯಿ ಗುರುತಿಸುತ್ತಾಳೆ. ನಿಜವನ್ನು ಹೇಳಲಾರದೆ ಅವನು ಕೆಟ್ಟ ಕನಸಿನ ನೆಪ ಹೇಳುತ್ತಾನೆ. ಕನಸಿನ ಶಾಂತಿಗೆ ದೇವಿಗೆ ಪ್ರಾಣಿಬಲಿ ಕೊಡೆಂದು ತಾಯಿ ಹಟ ಹಿಡಿಯುತ್ತಾಳೆ. ಜೀವವನ್ನು ಕೊಲ್ಲೆನೆಂದು ಮಗ. ಕಡೆಗೆ ಇಬ್ಬರೂ ಒಂದು ಒಪ್ಪಂದಕ್ಕೆ ಬರುತ್ತಾರೆ: ಹಿಟ್ಟಿನಿಂದ ಒಂದು ಹುಂಜವನ್ನು ಮಾಡಿ ಅದನ್ನೇ ಬಲಿ ಕೊಡುವುದು. ತಾಯಿಯ ಮಾತೂ ನಡೆಯಿತು, ಮಗನ ವ್ರತವೂ ಉಳಿಯಿತು ಎಂಬ ಲೆಕ್ಕ. ಕತ್ತಿ ತಗುಲಿದ ಕ್ಷಣದಲ್ಲಿ ಆ ಹಿಟ್ಟಿನ ಕೋಳಿ ಕೂಗಿತು.

ಗಿರೀಶ ಕಾರ್ನಾಡರು ತಮ್ಮ ‘ಹಿಟ್ಟಿನ ಹುಂಜ’ ನಾಟಕಕ್ಕೆ ಈ ಗಳಿಗೆಯನ್ನೇ ಕೇಂದ್ರವಾಗಿ ಆರಿಸಿಕೊಂಡದ್ದು ಸಹಜವಾಗಿದೆ. ಕಥೆಯನ್ನು ಮೇಲೆ ಮೇಲೆ ಓದುವವರು ಅಮೃತಮತಿಯೇ ಎಲ್ಲಕ್ಕೂ ಮೂಲವೆನ್ನುತ್ತಾರೆ. ಉಪನ್ಯಾಸಗಳಲ್ಲಿ ಹೆಣ್ಣಿನ ಚಂಚಲತೆಗೆ ಉದಾಹರಣೆಯಾಗಿ ಅವಳನ್ನು ಎಳೆದು ತರುವುದು ಇಂದಿಗೂ ನಿಂತಿಲ್ಲ. ಅವಳ ಪಾಪವು ದೊಡ್ಡದೇ. ಗಂಡನಿಗೂ ಅತ್ತೆಗೂ ಊಟದಲ್ಲಿ ವಿಷವಿಕ್ಕಿ ಕೊಂದವಳು ಅವಳು, ಅದರ ಫಲವನ್ನು ಅವಳು ಉಣ್ಣುವುದನ್ನೂ ಕವಿ ಮರೆಮಾಚುವುದಿಲ್ಲ. ಆದರೆ ಯಶೋಧರ ಚಂದ್ರಮತಿಯರನ್ನು ತಿರ್ಯಗ್ಗತಿಗೆ ತಳ್ಳಿದ್ದು ಅವಳು ಇಕ್ಕಿದ ವಿಷವಲ್ಲ, ಅವರೇ ಕಡಿದ ಹಿಟ್ಟಿನ ಕೋಳಿ. ಸೊಸೆಯ ಅಪರಾಧ ಸೊಸೆಯದು, ಇವರ ಸಂಕಲ್ಪ ಇವರದು. ಈ ಭೇದವನ್ನು ಗಮನಿಸದೆ ಕಾವ್ಯವನ್ನು ಸ್ತ್ರೀನಿಂದೆಯ ಪಾಠವಾಗಿ ಮಾಡುವುದು ಜನ್ನನಿಗೆ ಮಾಡುವ ಅನ್ಯಾಯ.

ಈ ಸೂಕ್ಷ್ಮವನ್ನು ಪಂಡಿತರಿಗಿಂತ ಮೊದಲೇ ಅಡುಗೆಮನೆಯ ಹಿರಿಯರು ಅರಿತಿದ್ದರು. ಪ್ರಾಣಿಯ ಆಕಾರದ ಸಕ್ಕರೆ ಅಚ್ಚನ್ನು ಕಚ್ಚಬೇಡವೆಂದು, ಹಿಟ್ಟಿನಲ್ಲಿ ಹಕ್ಕಿಯ ರೂಪ ಮಾಡಿ ಮುರಿಯಬೇಡವೆಂದು ಮಕ್ಕಳನ್ನು ತಡೆಯುವ ವಾಡಿಕೆ ಜೈನ ಮನೆಗಳಲ್ಲಿದೆ. ಹೊರಗಿನವರಿಗೆ ಇದು ನಗೆಯ ವಿಷಯ. ಸಕ್ಕರೆಗೆ ನೋವಾಗುತ್ತದೆಯೇ ಎಂದು ಕೇಳುತ್ತಾರೆ. ನೋವು ಸಕ್ಕರೆಗಲ್ಲ, ಕಚ್ಚುವವನ ಮನಸ್ಸಿನಲ್ಲಿ ‘ತಲೆಯನ್ನು ಮೊದಲು ತಿನ್ನುತ್ತೇನೆ’ ಎಂಬ ಆಟ ಹುಟ್ಟುತ್ತದಲ್ಲ, ಆ ಆಟವೇ ಅಭ್ಯಾಸವಾಗುತ್ತದೆ. ಮೈಸೂರು ಸೀಮೆಯ ಊರುಗಳಲ್ಲಿ ಆಯುಧಪೂಜೆಯ ದಿನ ಬೂದುಗುಂಬಳಕ್ಕೆ ಕುಂಕುಮ ತುಂಬಿ ರಸ್ತೆಗೆ ಅಪ್ಪಳಿಸುವುದೂ ಹಳೆಯ ಬಲಿಯ ನೆನಪೇ. ರಾಜ್ಯದಲ್ಲಿ ಪ್ರಾಣಿಬಲಿ ನಿಷೇಧ ಕಾಯಿದೆ 1959ರಿಂದ ಇದೆ. ಕಾಯಿದೆಯು ಕೋಣವನ್ನು ಉಳಿಸಬಲ್ಲದು. ಕುಂಬಳದ ಕೆಂಪಿನೊಳಗೆ ಅಡಗಿದ ಭಾವವನ್ನು ಮುಟ್ಟಲಾರದು.

ಈಗ 1991ಕ್ಕೆ ಮರಳಬಹುದು. ಆ ವರ್ಷದ ಮೇ 7ರಂದು ಮದರಾಸಿನ ನಂದನಂನಲ್ಲಿ ಮಾಜಿ ಪ್ರಧಾನಿ ವಿ.ಪಿ. ಸಿಂಗ್ ಅವರ ಸಾರ್ವಜನಿಕ ಸಭೆ ನಡೆಯಿತು. ಶಿವರಾಸನ್ ತಂಡದವರು ಅಲ್ಲಿಗೆ ಹೋದರು. ಧನು ಮತ್ತು ಶುಭಾ ಎಂಬ ಯುವತಿಯರು ಮಾಲೆ ಹಿಡಿದು ಅತಿಥಿಯ ಬಳಿಗೆ ಸಾಗಿದರು. ಮೈಮೇಲೆ ಸ್ಫೋಟಕವಿರಲಿಲ್ಲ, ಯಾರ ಕೂದಲೂ ಕೊಂಕಲಿಲ್ಲ. ಮಾಲೆ ಸಂದಿತು, ಸಭೆ ಮುಗಿಯಿತು. ಅದು ತಾಲೀಮಾಗಿತ್ತೆಂಬುದು ಮುಂದೆ ನ್ಯಾಯಾಲಯದ ದಾಖಲೆಗಳಲ್ಲಿ ಸ್ಥಿರಪಟ್ಟಿತು. ಹದಿನಾಲ್ಕು ದಿನಗಳ ನಂತರ ಶ್ರೀಪೆರಂಬುದೂರಿನಲ್ಲಿ ಅದೇ ಬಗೆಯಲ್ಲಿ ಮಾಲೆ ಹಿಡಿದು ಹೋದ ಧನುವಿನ ಉಡುಪಿನೊಳಗೆ ಬಾಂಬು ಕಟ್ಟಿತ್ತು. ಸ್ಫೋಟದಲ್ಲಿ ರಾಜೀವ್ ಗಾಂಧಿಯವರೊಡನೆ ಪೊಲೀಸರೂ ಸಾಮಾನ್ಯ ಜನರೂ ಸತ್ತರು. ಚಿತ್ರ ತೆಗೆಯಲು ತಂಡವು ಕರೆತಂದಿದ್ದ ಛಾಯಾಗ್ರಾಹಕನೂ ಸತ್ತನು. ಅವನ ಕ್ಯಾಮೆರಾ ಮಾತ್ರ ಕೆಡದೆ ಉಳಿದು ಸಂಚಿನ ಜಾಡನ್ನು ಬಿಡಿಸಿತು.

ಮೇ 7ರ ಆ ಮಾಲೆಯೇ ಹಿಟ್ಟಿನ ಕೋಳಿ. ಅಂದು ರಕ್ತ ಬೀಳಲಿಲ್ಲವೆಂದು ಲೋಕದ ಕಣ್ಣಿಗೆ ಅಂದು ಏನೂ ಆಗಲಿಲ್ಲ. ಜೈನ ಕರ್ಮಸಿದ್ಧಾಂತದ ಕಣ್ಣಿಗೆ ಕೊಲೆ ಅಂದೇ ಆಗಿಹೋಗಿತ್ತು. ತತ್ತ್ವಾರ್ಥಸೂತ್ರಕಾರರು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯನ್ನಷ್ಟೇ ಹೇಳದೆ, ಪ್ರಮಾದದಿಂದ ಕೂಡಿದ ಮನೋವಾಕ್ಕಾಯಗಳ ವ್ಯಾಪಾರವನ್ನು ಮೊದಲಿಗೆ ಇರಿಸಿದ್ದಾರೆ. ಅಮೃತಚಂದ್ರಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇದನ್ನು ಇನ್ನಷ್ಟು ಬಿಡಿಸುತ್ತಾರೆ. ರಾಗಾದಿಗಳು ಹುಟ್ಟಿದಲ್ಲಿಯೇ ಹಿಂಸೆ. ಕಷಾಯಕ್ಕೆ ಒಳಗಾದವನು ಮೊದಲು ತನ್ನ ಆತ್ಮವನ್ನೇ ಘಾತಿಸಿಕೊಳ್ಳುತ್ತಾನೆ, ಇತರ ಜೀವಿಗೆ ಆಮೇಲೆ ಹಾನಿಯಾಗಬಹುದು, ಆಗದೆಯೂ ಇರಬಹುದು.

ಈ ಮಾತು ಶಾಸ್ತ್ರದಲ್ಲಿಯೇ ಉಳಿಯುವಂಥದಲ್ಲ. 1998ರ ಜನವರಿ 28ರಂದು ವಿಶೇಷ ನ್ಯಾಯಾಲಯವು 26 ಮಂದಿ ಆರೋಪಿಗಳೆಲ್ಲರಿಗೂ ಮರಣದಂಡನೆ ವಿಧಿಸಿತ್ತು. ಸರ್ವೋಚ್ಚ ನ್ಯಾಯಾಲಯವು 1999ರ ಮೇ 11ರಂದು ನಾಲ್ವರ ಮರಣದಂಡನೆಯನ್ನು ಮಾತ್ರ ಎತ್ತಿಹಿಡಿದು, ಮೂವರದನ್ನು ಜೀವಾವಧಿಗೆ ಇಳಿಸಿ, ಉಳಿದ 19 ಮಂದಿಯನ್ನು ಬಿಡುಗಡೆ ಮಾಡಿತು. ಇದಕ್ಕಿಂತ ವಿಚಾರಾರ್ಹವಾದ ಅಂಶವೊಂದು ಆ ತೀರ್ಪಿನಲ್ಲಿದೆ. ಭಯೋತ್ಪಾದನೆಯನ್ನು ದಂಡಿಸಲೆಂದೇ ಮಾಡಿದ ಟಾಡಾ ಕಾಯಿದೆಯ ಅಡಿಯ ಅಪರಾಧವು ಈ ಪ್ರಕರಣದಲ್ಲಿ ಸಿದ್ಧವಾಗಿಲ್ಲವೆಂದು ನ್ಯಾಯಾಲಯ ಹೇಳಿತು. ಸರಕಾರವನ್ನು ಬೆದರಿಸುವ ಅಥವಾ ಜನರಲ್ಲಿ ಭೀತಿ ಹುಟ್ಟಿಸುವ ಉದ್ದೇಶ ರುಜುವಾತಾಗಲಿಲ್ಲ. ಭಾರತೀಯ ಶಾಂತಿಪಾಲನಾ ಪಡೆಯನ್ನು ಶ್ರೀಲಂಕೆಗೆ ಕಳುಹಿಸಿದ ವ್ಯಕ್ತಿಯ ಮೇಲಿನ ವೈರವೇ ಸಂಚಿನ ಮೂಲ ಎಂಬುದು ಅದರ ನಿಲುವು. ಕೊಲೆ ಮತ್ತು ಒಳಸಂಚಿನ ಅಪರಾಧಗಳು ನಿಂತವು. ದೇಶವೆಲ್ಲ ಭಯೋತ್ಪಾದನೆಯೆಂದು ಕರೆದ ಕೃತ್ಯಕ್ಕೆ ನ್ಯಾಯಾಲಯವು ಆ ಹೆಸರನ್ನು ಕೊಡಲಿಲ್ಲವೆಂದು ಹಲವರಿಗೆ ಆಶ್ಚರ್ಯವಾಯಿತು. ಕೃತ್ಯವನ್ನು ಅದರ ಪರಿಣಾಮದಿಂದ ಅಳೆಯದೆ ಸಂಕಲ್ಪದಿಂದ ಅಳೆಯುವ ಪರಂಪರೆಗೆ ಸೇರಿದವರಿಗೆ ಅಂಥ ಆಶ್ಚರ್ಯವಾಗಬೇಕಿಲ್ಲ.

ಆ ಪೀಠದ ನ್ಯಾಯಮೂರ್ತಿ ಕೆ.ಟಿ. ಥಾಮಸ್ ಅವರು ನಳಿನಿಯ ವಿಷಯದಲ್ಲಿ ಮಾತ್ರ ಭಿನ್ನಮತ ತಳೆದು ಜೀವಾವಧಿ ಶಿಕ್ಷೆ ಸಾಕೆಂದರು. ಮದರಾಸಿನ ಈ ತರುಣಿ ಶ್ರೀಲಂಕೆಯಿಂದ ಬಂದ ಮುರುಗನ್ ಎಂಬವನನ್ನು ಪ್ರೀತಿಸಿ, ಆ ಪ್ರೀತಿಯ ದಾರಿಯಲ್ಲೇ ಸಂಚಿನೊಳಗೆ ಸೆಳೆಯಲ್ಪಟ್ಟವಳು. 1991ರ ಜೂನ್‌ನಲ್ಲಿ ಸೆರೆಸಿಕ್ಕಾಗ ಗರ್ಭಿಣಿಯಾಗಿದ್ದಳು, ಮಗು ಸೆರೆಯಲ್ಲಿಯೇ ಹುಟ್ಟಿತು. ಇರುಳಿನ ಹಾಡೊಂದಕ್ಕೆ ಕಿವಿಗೊಟ್ಟು ವಿಷದ ತಟ್ಟೆಯವರೆಗೆ ನಡೆದ ಅಮೃತಮತಿಯೊಡನೆ ಇವಳನ್ನು ಸಮನಾಗಿ ಇಡುವುದು ಸಲ್ಲದು. ಮೋಹನೀಯ ಕರ್ಮವು ಬುದ್ಧಿಯನ್ನು ಮುಚ್ಚುವ ರೀತಿಯನ್ನು ಮಾತ್ರ ಎರಡೂ ಕಡೆ ಕಾಣಬಹುದು. ಪ್ರೀತಿಸಿದವನ ಧ್ಯೇಯ ತನ್ನ ಧ್ಯೇಯವಾಗುತ್ತದೆ, ಅವನ ಹಗೆ ತನ್ನ ಹಗೆಯಾಗುತ್ತದೆ. ಅವನಿಗಾಗಿ ಮಾಡಿದ್ದು ತಾನು ಮಾಡಿದ್ದಲ್ಲವೆಂದು ಮನಸ್ಸು ತನಗೆ ತಾನೇ ಹೇಳಿಕೊಳ್ಳುತ್ತದೆ. ಇದೇ ಜನ್ನನು ತನ್ನ ಅನಂತನಾಥ ಪುರಾಣದಲ್ಲಿ ಗೆಳೆಯನ ಮಡದಿಯನ್ನು ಅಪಹರಿಸಿದ ಚಂಡಶಾಸನನ ಕಥೆಯನ್ನೂ ಹೇಳಿದ್ದಾನೆ. ಪ್ರೇಮವೆಂಬುದು ತಾನಾಗಿಯೇ ಯಾರನ್ನೂ ಒಳ್ಳೆಯವರನ್ನಾಗಿ ಮಾಡುವುದಿಲ್ಲವೆಂದು ಎರಡೆರಡು ಕಾವ್ಯಗಳಲ್ಲಿ ತೋರಿಸಿದ ಕವಿ ಕನ್ನಡದಲ್ಲಿ ಬೇರೊಬ್ಬನಿಲ್ಲ.

ಪುನರ್ಜನ್ಮದ ವಿಚಾರದಲ್ಲಿಯೂ ಎರಡು ಕಥೆಗಳೂ ಎದುರುಬದುರಾಗಿ ನಿಲ್ಲುತ್ತವೆ. ಹುಲಿಗಳ ಸಂಘಟನೆಯು ತನ್ನ ಸತ್ತ ಯೋಧರನ್ನು ದಹಿಸದೆ ಹೂಳುತ್ತಿತ್ತು. ಅವರನ್ನು ಹೂಳಲಿಲ್ಲ, ಬಿತ್ತಿದೆವು ಎನ್ನುತ್ತಿತ್ತು. ಒಬ್ಬ ಯೋಧ ಬಿದ್ದಲ್ಲಿ ಹಲವರು ಮೊಳೆಯುವರೆಂಬ ಭಾವ. 1989ರಿಂದ ಪ್ರತಿ ನವೆಂಬರ್ 27ರಂದು ಆ ಬೀಜಗಳಿಗೆ ದೀಪ ಹಚ್ಚಿ ಮಹಾವೀರರ ದಿನವೆಂದು ಆಚರಿಸಲಾಯಿತು. ನಮ್ಮ ತೀರ್ಥಂಕರರ ಹೆಸರು ಅಲ್ಲಿ ಅಂಥ ಅರ್ಥದಲ್ಲಿ ಬಳಕೆಯಾದದ್ದು ಶಬ್ದದ ವಿಪರ್ಯಾಸ. ಅದು ಕೋಪದ ಪುನರ್ಜನ್ಮ: ಸತ್ತವನ ಹಗೆ ಬದುಕಿದವನಲ್ಲಿ ಹುಟ್ಟಬೇಕು. ಹುಟ್ಟಿತು ಕೂಡ. 2009ರ ಮೇ ತಿಂಗಳಲ್ಲಿ ಯುದ್ಧ ಮುಗಿಯುವ ಹೊತ್ತಿಗೆ ಇಡೀ ಊರುಗಳು ಆ ಬಿತ್ತನೆಗೆ ಹೊಲಗಳಾಗಿಹೋಗಿದ್ದವು.

ಯಶೋಧರನ ಕಥೆಯಲ್ಲಿ ಸತ್ತವನು ತಾನೇ ಹುಟ್ಟುತ್ತಾನೆ, ತನ್ನ ಲೆಕ್ಕವನ್ನು ತಾನೇ ತೀರಿಸಬೇಕಾಗುತ್ತದೆ. ಮಗ ನವಿಲಾಗಿ, ತಾಯಿ ನಾಯಿಯಾಗಿ ಹುಟ್ಟಿ ತಮ್ಮದೇ ಅರಮನೆಗೆ ಕಾಣಿಕೆಯಾಗಿ ಬರುತ್ತಾರೆ. ಅಲ್ಲಿ ಅಮೃತಮತಿಯೊಡನೆ ಅಷ್ಟಾವಂಕನನ್ನು ಕಂಡು ಪೂರ್ವಸ್ಮರಣೆಯಾದ ನವಿಲು ಮೇಲೆ ಎರಗುತ್ತದೆ. ಪೆಟ್ಟು ತಿಂದು ಓಡುವಾಗ ಅದನ್ನು ಕಚ್ಚಿ ಕೊಲ್ಲುವುದು ತಾಯಿಯಾಗಿದ್ದ ಆ ನಾಯಿಯೇ. ಪಗಡೆಯಾಡುತ್ತಿದ್ದ ಅರಸು ಯಶೋಮತಿ, ಎಂದರೆ ಹಿಂದಿನ ಭವದ ಮಗ, ನೆತ್ತದ ಹಲಗೆಯಿಂದ ನಾಯಿಯನ್ನು ಬಡಿಯುತ್ತಾನೆ. ಮುಂದೆ ಮುಳ್ಳುಹಂದಿ ಮತ್ತು ಹಾವು, ಮೀನು ಮತ್ತು ಮೊಸಳೆ, ಹೋತ ಮತ್ತು ಕೋಣ. ತಂದೆಯ ಸದ್ಗತಿಗೆಂದು ಮಗ ಶ್ರಾದ್ಧ ಮಾಡಿದಾಗ ಎಡೆಗೆ ಬಡಿಸಿದ್ದು ತಂದೆಯ ಮಾಂಸವೇ. ಈ ಭಾಗವನ್ನು ಓದುವಾಗ ಮೈ ನಡುಗುತ್ತದೆ. ಸೇಡಿನ ಸುಖವೆಂಬುದು ಇಲ್ಲಿ ಎಲ್ಲಿಯೂ ಇಲ್ಲ: ಕೊಲ್ಲುವವನಿಗೆ ತಾನು ಯಾರನ್ನು ಕೊಲ್ಲುತ್ತಿದ್ದೇನೆಂದು ತಿಳಿಯದು, ತಿಳಿದಿದ್ದರೆ ಕೈ ಏಳುತ್ತಿರಲಿಲ್ಲ.

ಕಡೆಗೆ ಇಬ್ಬರೂ ಕೋಳಿಗಳಾಗುತ್ತಾರೆ. ತಳಾರನಿಗೆ ಮುನಿಯೊಬ್ಬರು ಧರ್ಮೋಪದೇಶ ಮಾಡುವುದನ್ನು ಕೇಳಿ, ತಮ್ಮ ಹಿಂದಿನದನ್ನೆಲ್ಲ ನೆನೆದು ವ್ರತವನ್ನು ಒಪ್ಪಿಕೊಂಡು, ಸಂತೋಷದಿಂದ ಕೂಗುತ್ತಾರೆ. ಆ ಕೂಗನ್ನೇ ಗುರಿಯಾಗಿಸಿ ಯಶೋಮತಿಯು ಮಡದಿ ಕುಸುಮಾವಳಿಗೆ ತನ್ನ ಶಬ್ದವೇಧಿ ವಿದ್ಯೆಯನ್ನು ತೋರಿಸಲು ಬಾಣ ಬಿಡುತ್ತಾನೆ. ಹಿಟ್ಟಿನ ಕೋಳಿಯ ಕೂಗಿನಿಂದ ಆರಂಭವಾದ ಸರಪಣಿ ನಿಜವಾದ ಕೋಳಿಗಳ ಕೂಗಿನಲ್ಲಿ ಕಡಿಯುತ್ತದೆ. ಸತ್ತ ಎರಡು ಜೀವಗಳೂ ಕುಸುಮಾವಳಿಯ ಗರ್ಭದಲ್ಲಿ ಅವಳಿಗಳಾಗಿ ಬಂದು, ಅಭಯರುಚಿ ಅಭಯಮತಿಯರಾಗಿ, ಈಗ ಮಾರಿದತ್ತನ ಕತ್ತಿಯ ಕೆಳಗೆ ನಿಂತಿದ್ದಾರೆ.

ಮುತ್ತತ್ತಿಯ ಗುಳಿಗೆಯ ಬಗೆಗೂ ಒಂದು ಮಾತು ಹೇಳಬೇಕಾಗಿದೆ. ಸಮಾಜದ ಬಂಧುಗಳು ಇತ್ತೀಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಎದುರಿಸಿದ ಪ್ರಶ್ನೆಗೆ ಅದು ಸಂಬಂಧಿಸಿದೆ. ರಾಜಸ್ಥಾನದ ಉಚ್ಚ ನ್ಯಾಯಾಲಯವು 2015ರ ಆಗಸ್ಟ್ 10ರಂದು ಸಲ್ಲೇಖನವನ್ನು ಆತ್ಮಹತ್ಯೆಗೆ ಸಮವೆಂದು ತೀರ್ಪಿತ್ತಿತು; ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ಅದಕ್ಕೆ ತಡೆ ನೀಡಿತು. ತಾನಾಗಿ ಬಯಸಿದ ಮರಣವೆಲ್ಲ ಒಂದೇ ಎನ್ನುವವರಿಗೆ ಉತ್ತರವನ್ನು ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಎಂದೋ ಕೊಟ್ಟಿದ್ದಾರೆ. ರಾಗ ದ್ವೇಷ ಮೋಹಗಳಿಗೆ ಒಳಗಾಗಿ ವಿಷ, ಶಸ್ತ್ರ ಮೊದಲಾದವುಗಳಿಂದ ತನ್ನನ್ನು ತಾನು ಕೊಂದುಕೊಳ್ಳುವುದು ಸ್ವಘಾತ. ಸಲ್ಲೇಖನ ಕೈಗೊಂಡವನಲ್ಲಿ ಆ ರಾಗಾದಿಗಳೇ ಇಲ್ಲದಿರುವುದರಿಂದ ಅದು ಸ್ವಘಾತವಲ್ಲ. ಅವರು ವಿಷವನ್ನೇ ಹೆಸರಿಸಿ ಹೇಳಿರುವುದು ಗಮನಾರ್ಹ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ನಿಸಿದಿಗಳು ನೆನಪಿಸುವ ಮರಣವು ಗುರುವಿನ ಅನುಮತಿಯಿಂದ, ಎಲ್ಲರಲ್ಲಿ ಕ್ಷಮೆ ಬೇಡಿ, ಎಲ್ಲರನ್ನೂ ಕ್ಷಮಿಸಿ, ಸಂಘದ ಕಣ್ಣೆದುರಿಗೆ ಬಂದದ್ದು. ಗುಳಿಗೆಯು ಗುಟ್ಟನ್ನು ಕಾಯಲು ಕಚ್ಚಿದ್ದು. ಸಲ್ಲೇಖನದ ಮೊದಲ ಮೆಟ್ಟಿಲು ಆಲೋಚನೆ, ಎಂದರೆ ಮಾಡಿದ್ದನ್ನೆಲ್ಲ ಗುರುವಿನ ಮುಂದೆ ಬಾಯಿಬಿಟ್ಟು ಹೇಳುವುದು. ಸೈನೈಡಿನ ಉದ್ದೇಶವೇ ಏನನ್ನೂ ಹೇಳದಿರುವುದು.

ಯಶೋಧರ ಚರಿತೆಯಲ್ಲಿ ಮಾರಿದತ್ತನ ಕತ್ತಿಯನ್ನು ಕೆಳಗಿಳಿಸಿದ್ದು ಇಂಥ ಬಾಯಿಬಿಟ್ಟು ಹೇಳಿದ ಮಾತೇ. ಮಕ್ಕಳು ಶಾಪ ಹಾಕಲಿಲ್ಲ, ಕಾಲಿಗೆ ಬೀಳಲಿಲ್ಲ, ಸೇನೆ ಬಂದು ಬಿಡಿಸಲಿಲ್ಲ. ನಾವು ಒಂದು ಹಿಟ್ಟಿನ ಕೋಳಿಯನ್ನು ಕಡಿದು ಇಷ್ಟೆಲ್ಲ ಉಂಡೆವು, ನೀನು ಇಲ್ಲಿ ಇಷ್ಟು ಜೀವಗಳನ್ನು ಕಟ್ಟಿದ್ದೀಯೆ ಎಂಬುದನ್ನು ತಮ್ಮದೇ ಬಾಳಿನಿಂದ ತೋರಿಸಿದರು. ಅರಸನೂ ಕೇಳಿದನು, ಕತ್ತಿ ಹಿಡಿದ ಕೈ ಕಥೆ ಮುಗಿಯುವವರೆಗೆ ತಡೆದುಕೊಂಡದ್ದು ಸಣ್ಣ ಸಂಗತಿಯಲ್ಲ. ಕೇಳಿ ಮುಗಿದ ಮೇಲೆ ಕಟ್ಟಿದ ಪ್ರಾಣಿಗಳನ್ನು ಬಿಡಿಸಿ, ರಾಜ್ಯವನ್ನು ಬಿಟ್ಟು ದೀಕ್ಷೆ ಹಿಡಿದನು. ಕೋಣನಕುಂಟೆಯ ಮನೆಯನ್ನು ಸುತ್ತುವರಿದವರು ವಿಷಕ್ಕೆ ಮದ್ದನ್ನೂ ಕಮ್ಯಾಂಡೋಗಳನ್ನೂ ಕಾದು ನಿಂತರು. ಜೀವಂತವಾಗಿ ಹಿಡಿದರೆ ಮಾತು ಹೊರಡುತ್ತದೆಂಬ ಆಸೆ ಅವರದಾಗಿತ್ತು. ಒಳಗೆ ಹೋದಾಗ ಮಾತಾಡುವವರು ಯಾರೂ ಉಳಿದಿರಲಿಲ್ಲ.

ಮಾತಾಡಲು ಉಳಿದವರು ಸೆರೆಮನೆಯಲ್ಲಿದ್ದರು. ನಳಿನಿಯ ಮರಣದಂಡನೆ 2000ದಲ್ಲಿ ಜೀವಾವಧಿಗೆ ಇಳಿಯಿತು. ಗಂಡನನ್ನು ಕಳೆದುಕೊಂಡ ಸೋನಿಯಾ
ಗಾಂಧಿಯವರೇ ಅದಕ್ಕಾಗಿ ಕೋರಿದ್ದರು. 2008ರ ಮಾರ್ಚ್ ತಿಂಗಳಲ್ಲಿ ರಾಜೀವ್ ಗಾಂಧಿಯವರ ಮಗಳು ಪ್ರಿಯಾಂಕಾ ಯಾರಿಗೂ ಸುದ್ದಿ ಕೊಡದೆ ವೆಲ್ಲೂರಿನ ಸೆರೆಮನೆಗೆ ಹೋಗಿ ನಳಿನಿಯನ್ನು ಕಂಡರು. ತಂದೆಯನ್ನು ಕಳೆದುಕೊಂಡವಳೂ ಆ ಸಂಚಿನಲ್ಲಿ ಪಾಲುಗೊಂಡವಳೂ ಒಂದೇ ಕೊಠಡಿಯಲ್ಲಿ ಕುಳಿತರು. ಉಳಿದ ಮೂವರ ಮರಣದಂಡನೆಯನ್ನು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ಜೀವಾವಧಿಗೆ ಇಳಿಸಿತು. ಸೆರೆಯಲ್ಲಿದ್ದ ಏಳು ಮಂದಿಯಲ್ಲಿ ಒಬ್ಬನು 2022ರ ಮೇ 18ರಂದೂ ನಳಿನಿಯೂ ಸೇರಿ ಉಳಿದ ಆರು ಮಂದಿ ಅದೇ ವರ್ಷದ ನವೆಂಬರ್ 11ರಂದೂ ಬಿಡುಗಡೆಯ ಆದೇಶ ಪಡೆದರು. ಬಿಡುಗಡೆ ಸರಿಯೇ ಎಂಬ ವಾದ ಇನ್ನೂ ನಿಂತಿಲ್ಲ. ಅಂದು ಶ್ರೀಪೆರಂಬುದೂರಿನಲ್ಲಿ ಸತ್ತ ಪೊಲೀಸರ ಮನೆಗಳವರಿಗೆ ಅದು ನುಂಗಲಾರದ ತುತ್ತಾಗಿದ್ದರೆ ಅವರನ್ನು ದೂರುವಂತಿಲ್ಲ. ಪ್ರಿಯಾಂಕಾ ಅವರು ಮಾತ್ರ ಆ ಭೇಟಿಯ ಸುದ್ದಿ ಹೊರಬಿದ್ದಾಗ, ತಾವಾಗಿಯೇ ಹೋದದ್ದೆಂದೂ ಮನಸ್ಸಿನ ಶಾಂತಿಗಾಗಿ ಹೋದದ್ದೆಂದೂ ತಿಳಿಸಿದರು.